ಎಣಿಸಿ ಮುಗಿಯದ ಮೂರು

ನಮ್ಮ ಬೀದಿಯ ಕಟಿಂಗ್ ಶಾಪಿನ ಟಿವಿಯಲ್ಲಿ ಸದಾ ಹಳೆಯ ರೆಸ್ಲಿಂಗ್ ಪಂದ್ಯಗಳು ಓಡುತ್ತಿರುತ್ತವೆ. ಯಾರು ಯಾರನ್ನು ಎತ್ತಿ ಒಗೆದ, ಕಾಮೆಂಟರಿಯವನು ಏನೆಂದ, ಎಲ್ಲವೂ ಗಿರಾಕಿಗಳಿಗೆ ಬಾಯಿಪಾಠ. ಅವರ ಅಚ್ಚುಮೆಚ್ಚಿನ ಪಂದ್ಯದಲ್ಲಿ ಮುಖವಾಡದವನೊಬ್ಬ ತಲೆಕೆಳಗಾಗಿ ಬೀಳುತ್ತಾನೆ. ರೆಫರಿ ಮೂರು ಎಣಿಸಿದರೂ ಅಲುಗುವುದಿಲ್ಲ. ಮುಖವಾಡದೊಳಗೆ ಯಾರಿದ್ದಾರೆಂದು ಯಾರೂ ಕೇಳಿದ್ದಿಲ್ಲ. ಸೋತವನ ಗೊಡವೆ ಯಾರಿಗೆ ಬೇಕು?

ಆ ದೃಶ್ಯ ಬಂದಾಗಲೆಲ್ಲ ಅಂಗಡಿಯವನು ಗಿರಾಕಿಯ ಕಿವಿಯ ಬಳಿ ಟ್ರಿಮ್ಮರ್ ಹಚ್ಚುತ್ತಿದ್ದ. ಕಾಮೆಂಟರಿ ಅದರ ಸದ್ದಿನಲ್ಲಿ ಮುಳುಗುತ್ತಿತ್ತು.

ಮೊನ್ನೆ ಅದೇ ದೃಶ್ಯ ಬಂದಾಗ ಶೇವಿಂಗಿಗೆ ಕೂತಿದ್ದ ಬಸ್ ಕಂಡಕ್ಟರ್ ಮಾತ್ರ, ಮುಖದ ತುಂಬ ನೊರೆಯಿದ್ದರೂ, ಕಾಮೆಂಟರಿಯವನ ದನಿಯಲ್ಲೇ ಅಣಕಿಸಿದ: "ಏಳಯ್ಯಾ ಸಾಕು, ನಾಟಕಕ್ಕೆ ಬಹುಮಾನ ಬೇರೆ ಕಡೆ ಕೊಡ್ತಾರೆ." ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಕಂಡಕ್ಟರನ ಗಂಟಲ ಮೇಲೆ ಓಡುತ್ತಿದ್ದ ಕತ್ತಿ ನಿಂತಿತು.

"ಅವನು ನಮ್ಮಣ್ಣ," ಎಂದ ಅಂಗಡಿಯವನು. "ಅವತ್ತು ಬೆನ್ನು ಮುರೀತು. ಇನ್ನೂ ಎದ್ದಿಲ್ಲ."

ನಗು ಉಡುಗಿತು. "ಮತ್ತೆ ಇದನ್ನ ಯಾಕಪ್ಪಾ ಹಾಕ್ತೀಯ?" ಎಂದರು ಬೆಂಚಿನಿಂದ ಯಾರೋ.

"ಹಾಕದಿದ್ರೆ ನೀವು ಪಕ್ಕದ ಅಂಗಡಿಗೆ ಹೋಗ್ತೀರಲ್ಲ." ಅವನು ಕತ್ತಿಯ ನೊರೆ ಒರೆಸಿಕೊಂಡ. "ಒಳಗಡೆ ರೂಮಲ್ಲೇ ಮಲಗಿದಾನೆ. ಹೋಗಿ, ಮೂರು ಎಣಿಸಿ ಬನ್ನಿ."