ಪರದೆಯಲ್ಲಿ ನಿಂತುಹೋಗುತ್ತಿದ್ದ ಕೈಗಳು

ನಮ್ಮ ಪಕ್ಕದ ಮನೆಯ ಟೀಚರಿಗೆ ಸಿಟ್ಟು ಬರುವುದು ಅಪರೂಪ. ಕಿವಿ ಕೇಳದ ಮಕ್ಕಳಿಗೆ ಕೈಭಾಷೆ ಕಲಿಸುವವರು ಅವರು. ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ದೂರದೂರದ ಮಕ್ಕಳ ಜೊತೆ ಕೈಯಲ್ಲೇ ಮಾತಾಡುತ್ತಾರೆ. ಆದರೆ ಈಚೆಗೆ ಅವರ ಮುಖ ನೋಡಿದರೆ ಮಾತಾಡಿಸಲೂ ಹಿಂಜರಿಕೆಯಾಗುತ್ತಿತ್ತು.

"ಮಾತಾದ್ರೆ ಅಲ್ಲಲ್ಲಿ ಕಡಿದರೂ ಊಹಿಸ್ಕೋಬಹುದು ಅಕ್ಕ. ಪರದೆ ಮೇಲೆ ಕೈ ಅರ್ಧಕ್ಕೆ ನಿಂತ್ರೆ ಏನಂತ ಊಹಿಸೋದು? ಅಮ್ಮ ಬಂದ್ಲೋ, ಹೋದ್ಲೋ, ಹೊಡೆದ್ಲೋ ಗೊತ್ತೇ ಆಗಲ್ಲ" ಎಂದು ಒಮ್ಮೆ ನನ್ನ ಹತ್ತಿರ ಗೋಳು ಹೇಳಿಕೊಂಡರು.

ಇಂಟರ್ನೆಟ್ ಸರಿಮಾಡಲು ಅವರು ಪಡದ ಪಾಡಿಲ್ಲ. ದೊಡ್ಡ ಪ್ಲಾನ್ ತೆಗೆದುಕೊಂಡರು. ಕಂಪನಿಯನ್ನೇ ಬದಲಾಯಿಸಿದರು. ಪಾಠದ ಹೊತ್ತಿಗೆ ಅತ್ತೆ ಫೋನಿನಲ್ಲಿ ಧಾರಾವಾಹಿ ನೋಡುವುದನ್ನೂ ನಿಲ್ಲಿಸಿಯಾಯಿತು. "ಧಾರಾವಾಹೀಲಿ ಅತ್ತೆ ಕೆಟ್ಟೋಳು, ನಮ್ಮನೇಲಿ ಸೊಸೆ" ಎಂದು ಆ ಮುದುಕಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು.

ರೂಟರ್ ಇದ್ದದ್ದು ಮುಂದಿನ ಕೋಣೆಯಲ್ಲಿ. ಹಿಂದೊಮ್ಮೆ ಇಲಿ ಅದರ ತಂತಿ ಕಡಿದಿತ್ತು. ಟೀಚರ ಗಂಡ ಟ್ರಂಕು ಮಾಡುವವರು, ತಗಡು ಕಂಡರೆ ಕೈ ಸುಮ್ಮನಿರುವುದಿಲ್ಲ. ರೂಟರಿಗೆಂದೇ ಒಂದು ಗಟ್ಟಿ ಪೆಟ್ಟಿಗೆ ಮಾಡಿ, ಮುಚ್ಚಳದ ಮೇಲೆ ಎರಡು ಕೈಗಳ ಚಿತ್ರ ಬಿಡಿಸಿ, ಹೆಂಡತಿಗೆ ಉಡುಗೊರೆ ಕೊಟ್ಟಿದ್ದರು. ರಿಪೇರಿಯವನು ಬರುತ್ತಾನೆಂದರೆ ರೂಟರನ್ನು ಹೊರತೆಗೆದು, ಒರೆಸಿ, ಸ್ಟೂಲಿನ ಮೇಲೆ ಇಡುತ್ತಿದ್ದರು. ರಿಪೇರಿಯವನು ಪರೀಕ್ಷಿಸಿ, "ಲೈನ್ ಚೆನ್ನಾಗೇ ಇದೆಯಲ್ಲ ಸಾರ್" ಎಂದು ಹೋಗುತ್ತಿದ್ದ. ಮರುದಿನ ಮತ್ತೆ ಅದೇ ಕಥೆ.

ಕೊನೆಗೆ ಒಬ್ಬ ಹುಡುಗಿಯ ತಾಯಿ ಫೋನ್ ಮಾಡಿದರು. "ಇವತ್ತೂ ಹೀಗಾದ್ರೆ ಬೇಡ ಬಿಡಿ ಮೇಡಂ. ಮಗು ಅತ್ತು ಅತ್ತು ಮಲಗುತ್ತೆ." ಟೀಚರು ನನ್ನೆದುರೇ ತಲೆಯ ಮೇಲೆ ಕೈ ಹೊತ್ತು ಕೂತರು. ಆ ಮನೆಯಲ್ಲಿ ಮಗುವಿನ ಭಾಷೆ ಯಾರಿಗೂ ಬಾರದು. ಪಾಠ ನಿಂತರೆ ಅದು ಮತ್ತೆ ಮೂಲೆ ಸೇರಿದಂತೆಯೇ.

ಅವತ್ತಿನ ಪಾಠದ ಹೊತ್ತಿಗೆ ರಿಪೇರಿಯವನನ್ನು ಮತ್ತೆ ಕರೆಸಿದ್ದರು. ನಾನೂ ಟೀಚರ ಅತ್ತೆಯೂ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಕೂತಿದ್ದೆವು. ನಾನು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ಮುಂದಿನ ಕೋಣೆಯಲ್ಲಿ ಗಂಡಸರಿಬ್ಬರ ವಾದ. ಒಳಗೆ ಪರದೆಯ ಮೇಲೆ ಹುಡುಗಿ ಏನೋ ಕಥೆ ಹೇಳುತ್ತಿದ್ದಳು. ಹಲ್ಲು ಬಿದ್ದ ಕಥೆ ಎಂದು ಟೀಚರು ಆಮೇಲೆ ಹೇಳಿದರು. ಪುಟ್ಟ ಕೈಗಳು ಒಮ್ಮೆಯೂ ತಡವರಿಸಲಿಲ್ಲ.

ರಿಪೇರಿಯವನು ಚಪ್ಪಲಿ ಮೆಟ್ಟಿದ. ಗಂಡ ರೂಟರನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಠಪ್ ಎಂದಿತು. ಪರದೆಯಲ್ಲಿ ಹುಡುಗಿಯ ಕೈ ಕೆನ್ನೆಯ ಹತ್ತಿರ ಹಾಗೇ ನಿಂತುಹೋಯಿತು.

ಟೀಚರು ಎದ್ದು ಹೊರಬಂದರು. "ಈಗ ಏನು ಮಾಡಿದ್ರಿ?"

"ಏನೂ ಇಲ್ಲ. ಪೆಟ್ಟಿಗೆ ಮುಚ್ಚಿದೆ."

"ಪೆಟ್ಟಿಗೆನಾ?" ರಿಪೇರಿಯವನು ಬಾಗಿಲಿಂದಲೇ ತಿರುಗಿದ. "ತಗಡಿನೊಳಗಿಂದ ಸಿಗ್ನಲ್ ಹೇಗೆ ಸಾರ್ ಬರುತ್ತೆ? ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?" ಎಂದರು ಗಂಡ. ದನಿ ಮಾತ್ರ ಇಳಿದುಹೋಗಿತ್ತು.

ಟೀಚರು ತಾವೇ ರೂಟರನ್ನು ಹೊರತೆಗೆದು ಸ್ಟೂಲಿನ ಮೇಲಿಟ್ಟರು. "ಇಷ್ಟು ದಿನ ಇದನ್ನ ಇಲಿಯಿಂದ ಕಾಪಾಡಲಿಲ್ಲ ನೀವು, ನನ್ನಿಂದ ಕಾಪಾಡಿದ್ರಿ."

ಒಳಗೆ ಪರದೆಗೆ ಜೀವ ಬಂತು. ಹುಡುಗಿ ಎಲ್ಲಿ ಹೋಗಿದ್ರಿ ಎಂಬಂತೆ ಸಿಟ್ಟಿನಿಂದ ಕೈ ಬೀಸಿ, ಕಥೆ ಮುಂದುವರಿಸಿದಳು. ಬಿದ್ದ ಹಲ್ಲನ್ನು ಅಪ್ಪನ ಚಪ್ಪಲಿಯೊಳಗೆ ಬಚ್ಚಿಟ್ಟಿದ್ದಳಂತೆ. ಕಥೆ ಮುಗಿದಾಗ ತಾಯಿ ಹಿಂದಿನಿಂದ ಬಗ್ಗಿ, "ನಾಳೆ ಇದೇ ಹೊತ್ತಿಗಾ ಮೇಡಂ?" ಎಂದರು.

ಗಂಡ ಬಾಗಿಲಿಗೆ ಬಂದು ನಿಂತರು. ಬರಿದಾದ ಪೆಟ್ಟಿಗೆ ಇನ್ನೂ ಕಂಕುಳಲ್ಲಿತ್ತು.

"ಇವಳೇ, ಜಾಲರಿಯದು ಮಾಡಿದ್ರೆ ಹೇಗೆ? ಗಾಳಿನೂ ಆಡುತ್ತೆ."

ಟೀಚರು ತಿರುಗಿಯೂ ನೋಡದೆ, ತಲೆಯ ಮೇಲೆ ಕೈಯೆತ್ತಿ ಏನೋ ಸನ್ನೆ ಮಾಡಿದರು. ನಮಗ್ಯಾರಿಗೂ ಕೈಭಾಷೆ ಬಾರದು. ಆದರೂ ಗಂಡ ಸದ್ದಿಲ್ಲದೆ ಹಿಂದಕ್ಕೆ ಹೋದರು.