ಎತ್ತಿ ಕುಡಿದ ನೀರು

ಸಿಂಚನಾಳದು ಹುಟ್ಟಾ ಗಾಬರಿಯ ಜೀವ. ಬಸ್ಸು ಹತ್ತಿ ಕೂತ ಮೇಲೂ, ಬೋರ್ಡು ಸರಿಯಾಗಿ ಓದಿದೆನೋ ಇಲ್ಲವೋ ಎಂದು ಕಂಡಕ್ಟರನನ್ನು ಎರಡು ಸಲ ಕೇಳುವವಳು. ಅಂಥವಳು ಬಿ.ಕಾಂ. ಮುಗಿಸಿ, ಪ್ರತಿ ಶನಿವಾರ ಸಾಗರದಿಂದ ರಿಪ್ಪನ್‌ಪೇಟೆ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗಿ ಮಕ್ಕಳಿಗೆ ಧೈರ್ಯ ಹೇಳುತ್ತಾಳೆ ಅಂದರೆ ನಗು ಬರುವುದಿಲ್ಲವೇ? ಆದರೂ ಹೋಗುತ್ತಿದ್ದಳು. ಅವಳ ವಯಸ್ಸಿನ ಎಂಟು ಹುಡುಗ ಹುಡುಗಿಯರ ತಂಡ ಅದು, ಒಬ್ಬೊಬ್ಬರಿಗೆ ಒಂದೊಂದು ಮಗು. ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ತಾಸು ಜೊತೆಗೆ ಕೂತು ಓದಿಸಬೇಕು, ಅದಕ್ಕಿಂತ ಹೆಚ್ಚಾಗಿ ಅದರ ಮಾತು ಕೇಳಬೇಕು.

ಅವಳ ಪಾಲಿಗೆ ಬಂದದ್ದು ಏಳನೇ ತರಗತಿಯ ಕವನಾ. ಎರಡು ತಿಂಗಳು ಹುಡುಗಿ ಬಾಯಿ ಬಿಟ್ಟರೆ ಕೇಳಿ! ಮೂರನೇ ತಿಂಗಳು "ಅಕ್ಕಾ" ಅಂದಳು. ಆಮೇಲೆ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು.

ಆ ಶಾಲೆಯಲ್ಲಿ ಏಳನೆಯದೇ ಕೊನೆ. ಎಂಟಕ್ಕೆ ಹೊಸನಗರದ ಹಾಸ್ಟೆಲ್ಲಿಗೆ ಸೇರಬೇಕು, ಇಲ್ಲವಾದರೆ ಅಮ್ಮನ ಜೊತೆ ನರ್ಸರಿಗೆ ಹೋಗಿ ಸಸಿ ನೆಡುವ ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬಬೇಕು. ಅರ್ಜಿಗೆ ಅಮ್ಮ ಶ್ಯಾಮಲಾಳ ಸಹಿ ಆಗಿರಲಿಲ್ಲ. ಒಪ್ಪಿಸಲೆಂದು ಸಿಂಚನಾ ಅವರ ಮನೆಗೇ ಹೋದಳು.

"ಬಾ ತಂಗಿ, ಕೂತ್ಕೋ. ನಮ್ ಹುಡ್ಗಿ ಬಾಯ್ತೆರೆದ್ರೆ ನಿಂದೇ ಸುದ್ದಿ" ಎಂದು ಶ್ಯಾಮಲಾ ಬೆಲ್ಲ, ನೀರು ತಂದಿಟ್ಟಳು. ಸಿಂಚನಾ ಬೆಲ್ಲ ತಿಂದು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ನೀರು ಸುರಿದುಕೊಂಡಳು. ಅವಳ ಮನೆಯಲ್ಲಿ ಎಲ್ಲರೂ ಹಾಗೇ, ತಮ್ಮ ಲೋಟವನ್ನೂ ಕಚ್ಚಿ ಕುಡಿಯುವವರಲ್ಲ. ಲೋಟ ಕೆಳಗಿಡುವಾಗ ಶ್ಯಾಮಲಾಳ ಮುಖದಲ್ಲಿ ನಗು ಉಳಿದಿರಲಿಲ್ಲ. ಮೇಲುಜಾತಿಯ ತೋಟದ ಮನೆಯವರು ಕೇರಿಯವರ ಲೋಟಕ್ಕೆ ಬಾಯಿ ತಾಗಿಸದ ಕಥೆಯನ್ನು ಕೇರಿಯಲ್ಲೇ ಬೆಳೆದ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅರ್ಜಿ ಇಟ್ಟು ಹೋಗಿ ಅಮ್ಮಾರೇ, ನೋಡಾಣ" ಎಂದಳು. ತಂಗಿ ಹೋಗಿ ಅಮ್ಮಾರು ಬಂದಿತ್ತು.

ಅಯ್ಯೋ, ಆ ವಾರ ಸಿಂಚನಾ ಪಟ್ಟ ಪಾಡು! ಅನ್ನ ಸೇರಲಿಲ್ಲ. ಒಂದು ಲೋಟ ನೀರಿನಲ್ಲಿ ಆ ಮಗುವಿನ ಓದೇ ಮುಳುಗಿಹೋದರೆ?

"ಎಂಗೊ ಎಂತಕ್ಕೆ ಎತ್ತಿ ಕುಡಿತ್ಯ ಅಮ್ಮಾ?" ಎಂದು ತಮ್ಮ ಮನೆಯವರ ರೂಢಿಯ ಬಗ್ಗೆ ತಾಯಿ ವಾಗ್ದೇವಿಯನ್ನು ಕೇಳಿದಳು.

"ಎಂತ ಕೇಳ್ತೆ ಮಾರಾಯ್ತಿ! ಎಂಜಲಾಗ್ತು, ಅದಕ್ಕೆ."

"ಯಾರ ಎಂಜಲು?"

ವಾಗ್ದೇವಿ ಒಗ್ಗರಣೆಗೆ ಸಾಸಿವೆ ಹಾಕಿದರು.

ಅರ್ಜಿಗೆ ಸೋಮವಾರ ಕೊನೆಯ ದಿನ. ಶನಿವಾರ ಕವನಾ ಬರಿಗೈಯಲ್ಲಿ ಬಂದಳು.

"ಅಕ್ಕಾ, ನಾನೂ ನಿಮ್ ಹಂಗೇ ಎತ್ತಿ ಕುಡಿಯೋದು ಕಲ್ತೆ. ಅಂಗಿಯೆಲ್ಲಾ ಒದ್ದೆ! ಅಮ್ಮ ಎಷ್ಟು ಬೈದ್ಲು ಗೊತ್ತಾ?"

ಸಿಂಚನಾ ಅವಳ ಕೈ ನೋಡಿದಳು. "ಅರ್ಜಿ ಎಲ್ಲೇ?"

"ಅಮ್ಮ ಕೊಡ್ಲಿಲ್ಲ."

ಸಿಂಚನಾ ಪುಸ್ತಕ ಬಿಚ್ಚದೆ ನೇರ ಆ ಮನೆಗೆ ನಡೆದಳು. ಹೊಸ್ತಿಲಲ್ಲಿ ಶ್ಯಾಮಲಾ ನಿಂತಿದ್ದಳು.

"ಒಂದ್ ಲೋಟ ನೀರು ಕೊಡ್ತೀರಾ?"

ನೀರು ಬಂತು. "ನಿಮ್ ಅಭ್ಯಾಸದ ಹಂಗೇ ಕುಡೀರಿ ಅಮ್ಮಾರೇ."

ಸಿಂಚನಾ ಲೋಟ ಕಚ್ಚಿಯೇ ಕುಡಿದಳು. ರೂಢಿಯಿಲ್ಲದೆ ಅರ್ಧ ನೀರು ಮೈಮೇಲೆ ಚೆಲ್ಲಿತು. "ನಮ್ಮನೇಲೂ ಎಲ್ರೂ ಎತ್ತೇ ಕುಡಿಯೋದು. ನಿಮಗೆ ಹೇಗನ್ಸುತ್ತೆ ಅಂತ ಯೋಚ್ನೆ ಮಾಡ್ಲೇ ಇಲ್ಲ. ತಪ್ಪಾಯ್ತು" ಎಂದಳು. ಅಳು ಬಂದೇಬಿಟ್ಟಿತು.

ಶ್ಯಾಮಲಾ ಒಳಗಿನಿಂದ ಅರ್ಜಿ ತಂದು ಕೈಗಿಟ್ಟಳು. ಸಹಿ ಆಗಿತ್ತು.

"ನೀವು ಬಂದ್ಹೋದ ದಿನಾನೇ ಹಾಕೀನಿ. ಈ ಮನೆ ಮೆಟ್ಲು ತಿರುಗಿ ಹತ್ತೀರೋ ಇಲ್ವೋ ನೋಡ್ಬೇಕಿತ್ತು, ಅದ್ಕೇ ಇಟ್ಕಂಡಿದ್ದೆ. ಸಹಿ ನಿಮ್ ಮುಖ ನೋಡಿ ಹಾಕಿದ್ದಲ್ಲ. ನಾಳೆ ನನ್ ಮಗ್ಳು ಯಾರ ಮನೇಲಿ ಹೆಂಗ್ ನೀರು ಕುಡೀಬೇಕು ಅಂತ ಹೆದ್ರಿಕಂಡು ಕೂರ್ಬಾರ್ದು, ಅದ್ಕೆ ಹಾಕ್ದೆ."

ಸಿಂಚನಾ ಅರ್ಜಿ ಹಿಡಿದು ನಿಂತೇ ಇದ್ದಳು. ಶ್ಯಾಮಲಾ ಕೂತ್ಕೋ ಎನ್ನಲಿಲ್ಲ.