ನಂಜುಂಡಪ್ಪನವರು ಹಾಕಿಸಿದ ಟೈಲ್ಸು

ನಂಜುಂಡಪ್ಪನವರ ಬಾಯಲ್ಲಿ ನಮ್ಮ ಮೂಡಲಪಾಳ್ಯದ ಈಶ್ವರನ ಗುಡಿಗೆ ಪ್ರತಿ ಶಿವರಾತ್ರಿಗೂ ನೂರು ವರ್ಷ ವಯಸ್ಸು ಹೆಚ್ಚುತ್ತಿತ್ತು. "ಹೋದ ವರ್ಷ ಎಂಟುನೂರು ಅಂದಿದ್ರಲ್ಲ?" ಎಂದು ನಾನು ಕೇಳಿದರೆ, "ಆಗ ಸರಿಯಾಗಿ ವಿಚಾರ್ಸಿರಲಿಲ್ಲ ಕಣಮ್ಮ" ಎನ್ನುತ್ತಿದ್ದರು.

ಅವರು ನಿವೃತ್ತ ಬಸ್ ಕಂಡಕ್ಟರು. ಗುಡಿಯ ಎದುರು ಮನೆಯವಳಾದ ನನಗೆ ಬೆಳಗಾಗುತ್ತಿದ್ದುದೇ "ಒಳಗ್ ಹೋಗಿ, ಜಾಗ ಇದೆ, ರೈಟ್!" ಎಂದು ಅವರು ಭಕ್ತರನ್ನು ದಬ್ಬುವ ದನಿಯಿಂದ. ಆ ಮನುಷ್ಯ ಒಮ್ಮೆ ತಟ್ಟನೆ ನಿಂತು ಹೇಳಿದ್ದರು: "ಶಿವ ಯಾಕೆ ಕತ್ತಲಲ್ಲಿ ಕೂತವ್ನೆ ಗೊತ್ತಾ? ನಾವು ದೀಪ ಹಿಡ್ಕೊಂಡು ಹುಡುಕ್ಲಿ ಅಂತ." ಅದನ್ನು ನಾನು ಮರೆತಿಲ್ಲ.

ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವವರು ಬಂದು ಮುಂದಿನ ಮಂಟಪಕ್ಕೆ ಗುರುತು ಹಾಕಿದರು. ಗುಡಿ ಹಳೆಯದೆಂದು ಸಾಬೀತಾದರೆ ಮಾತ್ರ ಉಳಿಯುತ್ತದೆ ಎಂದರು. ಶಾಸನ ಓದುವ ಮೇಡಂ ಒಬ್ಬರನ್ನು ಕರೆಸಿದೆವು. ನಂಜುಂಡಪ್ಪನವರು ಅವರಿಗೆ ಅಗಸ್ತ್ಯರಿಂದ ಹಿಡಿದು ಚೋಳರ ಕುದುರೆ ನೀರು ಕುಡಿದ ಜಾಗದವರೆಗೆ ಒಂದು ಗಂಟೆ ಹೇಳಿದರು.

"ಕಲ್ಲಲ್ಲಿ ಬರೆದಿರೋದು ಏನಾದ್ರೂ ಇದೆಯಾ ಸಾರ್?" ಎಂದರು ಮೇಡಂ.

ನಂಜುಂಡಪ್ಪನವರು ಮಂಟಪದ ಗೋಡೆಯ ಕಡೆ ತಿರುಗಿದರು. ಬರೆದ ಕಲ್ಲು ಇತ್ತು. ಗೋಡೆ ಚೊಕ್ಕಟವಾಗಿ ಕಾಣಲೆಂದು ಅದರ ಮೇಲೆ ಟೈಲ್ಸ್ ಹಾಕಿಸಿದವರು ಅವರೇ. ನಟ್ಟನಡುವಿನ ಟೈಲಿನಲ್ಲಿ 'ದಿವಂಗತ ಲಕ್ಷ್ಮಮ್ಮನವರ ಜ್ಞಾಪಕಾರ್ಥ' ಎಂದು ಹೆಂಡತಿಯ ಹೆಸರು ಬರೆಸಿದ್ದರು. ಈಗ ಒಡೆಯಬೇಕಾದದ್ದು ಅದನ್ನೇ.

"ಇಡಿಯಾಗಿ ಕೀಳಪ್ಪ" ಎಂದು ಗಾರೆಯವನಿಗೆ ಮೂರು ಸಲ ಹೇಳಿದರು. ಅದು ಐದು ತುಂಡಾಗಿ ಬಂತು. ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ನನಗೆ ನೋಡಲಾಗಲಿಲ್ಲ.

ಮೇಡಂ ಕಲ್ಲು ತೊಳೆದು ಓದಿದರು. "ಐನೂರು ವರ್ಷದ ಮೇಲಾಗಿದೆ. ಯಾರೋ ಹೆಂಡತಿಯ ಪುಣ್ಯಕ್ಕೆ ಅಂತ ನಂದಾದೀಪಕ್ಕೆ ಜಮೀನು ಬಿಟ್ಟಿದಾರೆ."

ಅಷ್ಟು ಹೊತ್ತಿಗಾಗಲೇ ಗುಡಿಯನ್ನು ಬಾಯಲ್ಲೇ ಒಂದು ಸಾವಿರ ವರ್ಷ ದಾಟಿಸಿದ್ದ ನಂಜುಂಡಪ್ಪನವರು ಜಗಳಕ್ಕೆ ನಿಲ್ಲಲಿಲ್ಲ. "ಆಯಮ್ಮನ ಹೆಸರೇನಂತೆ?" ಎಂದಷ್ಟೇ ಕೇಳಿದರು.

"ಹೆಸರಿರೋ ಕಡೆನೇ ಉಳಿ ಏಟು ಬಿದ್ದಿದೆ ಸಾರ್. ಟೈಲ್ಸ್ ಹಿಡೀಲಿ ಅಂತ ಕೊಚ್ಚಿಬಿಟ್ಟಿದಾರೆ."

ಮಂಟಪ ಉಳಿಯಿತು. ಮುಂದಿನ ಸೋಮವಾರ ನಂಜುಂಡಪ್ಪನವರು ಅರ್ಚಕರ ಮುಂದೆ ತಟ್ಟೆ ಹಿಡಿದು ನಿಂತರು. "ಆಯಮ್ಮನಿಗೊಂದು ಅರ್ಚನೆ ಮಾಡಿ ಸ್ವಾಮಿ."

"ಹೋದವರಿಗೆ ಅರ್ಚನೆ ಮಾಡಲ್ಲಪ್ಪ."

"ಐನೂರು ವರ್ಷ ಆಯ್ತಲ್ಲ ಸ್ವಾಮಿ, ಇಷ್ಟೊತ್ತಿಗೆ ಎಲ್ಲೋ ಹುಟ್ಟಿರ್ತಾರೆ, ಮಾಡಿ."

"ಹೆಸರು, ಗೋತ್ರ, ನಕ್ಷತ್ರ?"

"ಹೆಸರು ನಾನೇ ಅಳಿಸಿದೀನಿ. ಮಿಕ್ಕಿದ್ದಕ್ಕೆ ನಮ್ಮ ಲಕ್ಷ್ಮಮ್ಮಂದೇ ಹಾಕ್ಕೊಳಿ. ಅವಳು ಬೇಜಾರ್ ಮಾಡ್ಕೊಳಲ್ಲ."

ಹೋದ ಕಾರ್ತೀಕದಲ್ಲಿ ನಂಜುಂಡಪ್ಪನವರು ತೀರಿಕೊಂಡರು. ಅವರು ಪ್ರತಿ ಸೋಮವಾರ ಮಾಡಿಸುತ್ತಿದ್ದ ಆ ಅರ್ಚನೆಯನ್ನು ಈಗ ನಾನು ಮಾಡಿಸುತ್ತೇನೆ. ಹೆಸರು ಬರಬೇಕಾದ ಕಡೆ ಅರ್ಚಕರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಮಂತ್ರ ಮರೆತರೇನೋ ಎಂದು ಹಿಂದೆ ನಿಂತವರು ಕೆಮ್ಮುತ್ತಾರೆ.